ಆ ಹೆಸರಿನ ದುಡ್ಡು ಯಾರಿಗೆ ಸೇರ್ಬೇಕು?

ಹೋದ ವರ್ಷ ಮದ್ದೂರಿನ ಹತ್ರ ಒಂದು ಮದ್ವೆಗೆ ಹೋಗಿದ್ದೆ, ನಮ್ಮ ಚಿಕ್ಕಪ್ಪನ ಮಗಳದ್ದು. ಛತ್ರದ ಮೇಲ್ಗಡೆ ರೂಮಲ್ಲಿ ಹೆಣ್ಣಿಗೆ ರಿಸೆಪ್ಶನ್ ಮೇಕಪ್ ನಡೀತಿತ್ತು. ಮಂಡ್ಯದಲ್ಲಿ ಸಣ್ಣದೊಂದು ಪಾರ್ಲರ್ ಇಟ್ಕೊಂಡಿರೋ ಹುಡುಗಿ, ಬ್ಯಾಗಿಂದ ಒಂದೊಂದೇ ಸಾಮಾನು ತೆಗೆದು ಕನ್ನಡಿ ಮುಂದೆ ಜೋಡಿಸ್ತಿದ್ಲು. ಅದ್ರಲ್ಲಿ ಒಂದು ಲಿಪ್‌ಸ್ಟಿಕ್ಕಿಗೆ ಮಾತ್ರ ಗಾಯಕ್ಕೆ ಹಾಕೋ ಬಿಳಿ ಪ್ಲಾಸ್ಟರ್ ಸುತ್ತಿತ್ತು, ಅಂಚು ಕೊಳೆಯಾಗಿ ಎದ್ದಿತ್ತು, ಅಂದ್ರೆ ಇವತ್ತು ನಿನ್ನೆ ಸುತ್ತಿದ್ದಲ್ಲ. ಯಾಕವ್ವ ಇದು ಅಂತ ಕೇಳ್ದೆ. "ಅದು ಸನ್ನಿ ಲಿಯೋನ್ ಬ್ರ್ಯಾಂಡ್ ಕಣಕ್ಕ. ಕಲರ್ ಚೆನ್ನಾಗ್ ನಿಲ್ತದೆ, ಊಟ ಮಾಡಿದ್ರೂ ಹೋಗಲ್ಲ. ಹೆಸ್ರು ಕಂಡ್ರೆ ಗಂಡಿನ ಕಡೆಯವ್ರು ಏನಾರ ಅಂದ್ಬುಡ್ತಾರೆ, ಮದ್ವೆ ಮನೇಲಿ ಯಾಕ್ ಬೇಕು ಮಾತು" ಅಂದ್ಲು. ಅಂದು ಆ ಪ್ಲಾಸ್ಟರಿನ ತುದಿ ಒತ್ತಿ ಅಂಟಿಸಿ, ಹೆಣ್ಣಿನ ತುಟಿಗೆ ಅದೇ ಬಣ್ಣ ಹಚ್ಚಿದ್ಲು. ಅಷ್ಟೊತ್ತಿಗೆ ಕೆಳಗಡೆ ಆರ್ಕೆಸ್ಟ್ರಾದವರು 'ಡಿಕೆ' ಸಿನಿಮಾದ ಹಾಡು ಎತ್ಕೊಂಡ್ರು, 2015ರದ್ದು, ಸನ್ನಿ ಲಿಯೋನ್ ಕುಣಿದಿರೋ ಹಾಡು. ಗಂಡಿನ ಕಡೆ ಹುಡುಗ್ರು ವಿಷಲ್ ಹೊಡ್ಕೊಂಡು ಸ್ಟೇಜ್ ಮುಂದೆ ಸೇರಿದ್ರು, ಒಂದಿಬ್ರು ಹಿರೀಕರೂ ಟವಲ್ ಬೀಸಿದ್ರು.

ಇದು ನನ್ನ ತಲೇಲಿ ಕೂತ್ಬಿಡ್ತು. ನಾನು ಸಣ್ಣ ಪುಟ್ಟ ಅಂಗಡಿ, ಬೇಕರಿ, ಪಾರ್ಲರ್‌ಗಳ ಲೆಕ್ಕ ಬರೆಯೋಳು, ಬಿಲ್ಲು ಹೊಂದಿಸೋದು, ಜಿಎಸ್‌ಟಿ ರಿಟರ್ನ್ ಹಾಕೋದು ನನ್ನ ಕೆಲಸ. ಯಾವ ಸಾಮಾನು ಕೈಗೆ ಬಂದ್ರೂ ಇದ್ರ ದುಡ್ಡು ಕೊನೆಗೆ ಯಾರ ಖಾತೆಗೆ ಹೋಗುತ್ತೆ ಅನ್ನೋದೇ ನಂಗೆ ಮೊದ್ಲು ಬರೋ ಯೋಚನೆ. ಆ ಛತ್ರದಲ್ಲಿ ಆವತ್ತು ಸನ್ನಿ ಹೆಸರಿಂದ ಆರ್ಕೆಸ್ಟ್ರಾದವರಿಗೆ ಚಪ್ಪಾಳೆ ಬಿತ್ತು, ಸಿನಿಮಾದವರಿಗೆ ಯಾವಾಗಲೋ ದುಡ್ಡು ಬಂದಿತ್ತು. ಅಲ್ಲಿದ್ದದ್ರಲ್ಲಿ ಆಕೆ ಸ್ವಂತದ್ದು ಅಂತ ಇದ್ದಿದ್ದು ಆ ಲಿಪ್‌ಸ್ಟಿಕ್ ಒಂದೇ, ಪ್ಲಾಸ್ಟರ್ ಬಿದ್ದಿದ್ದೂ ಅದ್ರ ಮೇಲೇನೇ. ಕುಣಿಯೋಕೆ ಆಗುತ್ತೆ, ವಿಷಲ್ ಹೊಡೆಯೋಕೆ ಆಗುತ್ತೆ, ಆಕೆ ಓನರ್ ಆಗಿ ನಿಂತ್ರೆ ಮಾತ್ರ ಹೆಸರು ಮುಚ್ಬೇಕು. ಇದ್ಯಾವ ನ್ಯಾಯ ಅಂತ ಅವತ್ತಿಂದ ಕೊರೀತಾ ಇದೆ.

ಇನ್ನೊಬ್ಬರು ಇಟ್ಟ ಹೆಸರು

ಆಕೆ ಕಥೆ ಎಲ್ರಿಗೂ ಗೊತ್ತು ಅಂತ ನಾವು ಅಂದ್ಕೊಂಡಿರ್ತೀವಿ. ಕರಣ್‌ಜೀತ್ ಕೌರ್ ವೋಹ್ರಾ, 1981ರಲ್ಲಿ ಕೆನಡಾದ ಸಾರ್ನಿಯಾ ಅನ್ನೋ ಊರಲ್ಲಿ ಹುಟ್ಟಿದ್ದು, ಪಂಜಾಬಿ ಸಿಖ್ ಕುಟುಂಬ, ಆಮೇಲೆ ಅಮೆರಿಕ, ಕ್ಯಾಲಿಫೋರ್ನಿಯಾ. ಬೇಕರೀಲಿ ಕೆಲಸ ಮಾಡಿದ್ದು, ಮಕ್ಕಳ ನರ್ಸ್ ಆಗೋಕೆ ಓದ್ತಿದ್ದಿದ್ದು, ಇದನ್ನೆಲ್ಲ ಅವರೇ ಹೇಳ್ಕೊಂಡಿದಾರೆ. ನಂಗೆ ಇಷ್ಟು ವರ್ಷ ಆದ್ಮೇಲೂ ಕುತೂಹಲ ಅನ್ಸೋದು ಆ ಹೆಸರಿನ ವಿಷ್ಯ. 'ಸನ್ನಿ' ಅನ್ನೋದು ತಮ್ಮನನ್ನ ಮನೇಲಿ ಕರೀತಿದ್ದ ಹೆಸರು. 'ಲಿಯೋನ್' ಅನ್ನೋದನ್ನ ಸೇರ್ಸಿದ್ದು ಪೆಂಟ್‌ಹೌಸ್ ಅನ್ನೋ ವಯಸ್ಕರ ಪತ್ರಿಕೆ ಮಾಲೀಕ ಬಾಬ್ ಗುಚಿಯೋನೆ. 2001ರಲ್ಲಿ ಆ ಪತ್ರಿಕೇಲಿ ಫೋಟೋ ಬಂತು, 2003ರಲ್ಲಿ ಆ ಪತ್ರಿಕೆಯವರ ವರ್ಷದ ಮಾಡೆಲ್ ಆಗಿ ಆಯ್ಕೆಯಾದ್ರು. ಅಂದ್ರೆ ನಾವೆಲ್ಲ ಬಾಯ್ತುಂಬ ಹೇಳೋ ಆ ಹೆಸರಲ್ಲಿ ಅರ್ಧ ತಮ್ಮನದ್ದು, ಇನ್ನರ್ಧ ಒಬ್ಬ ಪತ್ರಿಕೆ ಯಜಮಾನನದ್ದು. ಹುಟ್ಟಿದಾಗಿಂದ ಬಂದ ಹೆಸರು ಮನೇಲೇ ಉಳೀತು, ಬೇರೆಯವರು ವ್ಯಾಪಾರಕ್ಕೆ ಅಂತ ಜೋಡಿಸಿದ ಹೆಸರು ಹೊರಗೆ ಬಂತು, ಮುಂದಿನ ಇಪ್ಪತ್ತು ಚಿಲ್ರೆ ವರ್ಷ ಆಕೆ ಮಾಡಿದ್ದೆಲ್ಲ ಆ ಹೆಸರನ್ನ ಸ್ವಲ್ಪ ಸ್ವಲ್ಪವೇ ತನ್ನ ಕೈಗೆ ತಗೊಳ್ಳೋ ಕೆಲಸ ಅಂತ ನಂಗೆ ಕಾಣುತ್ತೆ.

2005ರಲ್ಲಿ ವಿವಿಡ್ ಎಂಟರ್ಟೈನ್ಮೆಂಟ್ ಅನ್ನೋ, ವಯಸ್ಕರ ಸಿನಿಮಾ ಮಾಡೋ ದೊಡ್ಡ ಕಂಪನಿ ಜೊತೆ ಮೂರು ವರ್ಷದ ಕಾಂಟ್ರ್ಯಾಕ್ಟ್ ಆಯ್ತು. ಆ ಕಾಂಟ್ರ್ಯಾಕ್ಟಲ್ಲಿ ಶುರುಗೇ ಆಕೆ ಹಾಕಿದ ಷರತ್ತು ಒಂದಿದೆ, ಹೆಂಗಸರ ಜೊತೆ ಮಾತ್ರ ಕೆಲಸ ಮಾಡ್ತೀನಿ ಅಂತ. ಆಮೇಲೆ ಆ ಷರತ್ತು ಬದಲಾದಾಗ್ಲೂ ಮದ್ವೆ ಆಗ್ಬೇಕಿದ್ದವನ ಜೊತೆ ಮಾತ್ರ ಅಂತ ಆಯ್ತು. ಇದನ್ನ ಓದಿ ಮೂಗು ಮುರಿಯೋರು ಮುರೀಲಿ, ನಂಗೆ ಇದ್ರಲ್ಲಿ ಕಾಣೋದು ಕೂತು, ಕಾಗದ ಓದಿ, ಇದಕ್ಕೆ ಒಪ್ಪಿಗೆ ಇದೆ ಇದಕ್ಕಿಲ್ಲ ಅಂತ ಬರೆಸಿ ಸೈನ್ ಹಾಕಿದ ಒಬ್ಬ ಹೆಂಗಸು. ನಮ್ಮ ಕಡೆ ಎಷ್ಟು ಜನ ಕೆಲಸಕ್ಕೆ ಸೇರೋವಾಗ ಆಫರ್ ಲೆಟರ್ ಪೂರ್ತಿ ಓದ್ತಾರೆ ಹೇಳಿ.

ಆದ್ರೆ ಆ ಇಂಡಸ್ಟ್ರಿಯ ಲೆಕ್ಕ ಭಾಳ ಕ್ರೂರ. ಅಲ್ಲಿ ನಟಿಯರಿಗೆ ಸಾಮಾನ್ಯವಾಗಿ ಸಿಗೋದು ಒಂದೇ ಸಲದ ಸಂಬಳ. ಶೂಟಿಂಗ್ ಆಯ್ತಾ, ಚೆಕ್ ಕೊಟ್ರಾ, ಮುಗೀತು. ಆಮೇಲೆ ಆ ಸಿನಿಮಾ ಹತ್ತು ವರ್ಷ ಓಡ್ಲಿ, ನೂರು ದೇಶದಲ್ಲಿ ಮಾರಾಟ ಆಗ್ಲಿ, ಹಕ್ಕೆಲ್ಲ ಕಂಪನೀದು, ನಟಿಗೆ ಒಂದು ಪೈಸೆ ರಾಯಲ್ಟಿ ಇರಲ್ಲ. ಮುಖ ಆಕೇದು, ಬೈಗುಳ ಆಕೇದು, ಊರು ಬಿಡೋದೂ ಆಕೆ, ದುಡ್ಡು ಮಾತ್ರ ಬೇರೆಯವರದ್ದು. ಇದನ್ನ ಆಕೆಗಿಂತ ಮೊದ್ಲೇ ಅರ್ಥ ಮಾಡ್ಕೊಂಡವರು ಇದ್ರು. ಕ್ಯಾಂಡಿಡಾ ರೊಯಾಲ್ ಅನ್ನೋ ನಟಿ ನಟನೆ ಬಿಟ್ಟು, ಹೆಂಗಸರ ದೃಷ್ಟಿಯಿಂದ ಸಿನಿಮಾ ಮಾಡೋಕೆ ಅಂತ 1984ರಲ್ಲೇ ಸ್ವಂತ ಕಂಪನಿ ಕಟ್ಟಿದ್ರು. ಜೆನ್ನಾ ಜೇಮ್ಸನ್ ಅನ್ನೋ ಇನ್ನೊಬ್ಬ ನಟಿ 2000ದಲ್ಲಿ ಕ್ಲಬ್‌ಜೆನ್ನಾ ಅನ್ನೋ ಕಂಪನಿ ಶುರು ಮಾಡಿ 2006ರಲ್ಲಿ ಅದನ್ನ ಪ್ಲೇಬಾಯ್‌ಗೆ ಮಾರಿದ್ರು. ಸನ್ನಿ ಕೂಡ ಅದೇ ದಾರಿ ಹಿಡಿದು ಗಂಡ ಡೇನಿಯಲ್ ವೆಬರ್ ಜೊತೆ ಸೇರಿ ಸನ್‌ಲಸ್ಟ್ ಪಿಕ್ಚರ್ಸ್ ಅಂತ ಸ್ವಂತ ಕಂಪನಿ ಮಾಡಿದ್ರು, ಬರೆಯೋದು, ಡೈರೆಕ್ಷನ್ನು, ವೆಬ್‌ಸೈಟು ಎಲ್ಲ ಅದ್ರ ಕೆಳಗೆ ತಂದ್ರು. 2006, 2007ರ ಹೊತ್ತಿಗೆ ಪುಕ್ಕಟೆ ವಿಡಿಯೋ ಸೈಟುಗಳು ಬಂದು ಡಿವಿಡಿ ವ್ಯಾಪಾರ ನೆಲ ಕಚ್ಚೋಕೆ ಶುರುವಾಗಿತ್ತು, ಅಂದ್ರೆ ಓನರ್ ಆದ್ರೂ ಮಾರೋ ಸಾಮಾನೇ ಬೀದಿಗೆ ಬಿದ್ದಿತ್ತು. ಇವತ್ತಿಗೂ ನಮ್ಮಲ್ಲಿ ಮೊಬೈಲಲ್ಲಿ ಆಕೆ ಹಳೇ ವಿಡಿಯೋ ನೋಡೋರು ಪುಕ್ಕಟೆ ನೋಡೋರೇ. ಪುಕ್ಕಟೆ ನೋಡಿ, ಆಮೇಲೆ "ದುಡ್ಡಿಗೋಸ್ಕರ ಏನು ಬೇಕಾದ್ರೂ ಮಾಡ್ತಾಳೆ" ಅಂತ ಕಾಮೆಂಟ್ ಹಾಕ್ತಾರೆ.

ಟಿವಿ ಮುಂದೆ ಕೂತ ಆ ಸಂಜೆ

2011ರ ಹಿಂದಿ ಬಿಗ್ ಬಾಸ್, ಅಲ್ಲಿಗೇ ಮಹೇಶ್ ಭಟ್ ಬಂದು 'ಜಿಸ್ಮ್ 2' ಆಫರ್ ಕೊಟ್ಟಿದ್ದು, 2012ರಲ್ಲಿ ಆ ಸಿನಿಮಾ ಬಂದಿದ್ದು, ಇದೆಲ್ಲ ಮತ್ತೆ ಹೇಳ್ಬೇಕಾಗಿಲ್ಲ. ನಾನು ಹೇಳ್ಬೇಕು ಅಂದ್ಕೊಂಡಿದ್ದು 2016ರ ಜನವರಿಯ ಆ ಸಂದರ್ಶನದ ಬಗ್ಗೆ. ಒಂದು ಇಂಗ್ಲಿಷ್ ನ್ಯೂಸ್ ಚಾನೆಲ್ಲಲ್ಲಿ ಬಂದಿದ್ದು, ನೀವೂ ನೋಡಿರ್ತೀರ. ನಮ್ಮ ಮನೇಲಿ ನಾನು ಸೊಪ್ಪು ಬಿಡಿಸ್ಕೊಂಡು ಕೂತಿದ್ದೆ, ನಮ್ಮತ್ತೆ ಪಕ್ಕದಲ್ಲಿ ದಿವಾನ್ ಮೇಲೆ ಕಾಲು ಚಾಚಿ ಕೂತಿದ್ರು. ಅತ್ತೆಗೆ ಇಂಗ್ಲಿಷ್ ಬರಲ್ಲ, ಸನ್ನಿ ಯಾರು ಅಂತಾನೂ ಗೊತ್ತಿರ್ಲಿಲ್ಲ. ಆ ಆ್ಯಂಕರ್ ಕೇಳ್ತಿದ್ದಿದ್ದು ಒಂದೇ ಪ್ರಶ್ನೇನ ಬೇರೆ ಬೇರೆ ಥರ: ನಿಮ್ಮ ಹಳೇದು ನಿಮ್ಮನ್ನ ಕಾಡಲ್ವಾ, ಪಶ್ಚಾತ್ತಾಪ ಇಲ್ವಾ, ಆಮಿರ್ ಖಾನ್ ನಿಮ್ಮ ಜೊತೆ ಕೆಲಸ ಮಾಡ್ತಾರೆ ಅಂದ್ಕೊಂಡಿದೀರಾ. ಆಕೆ ಒಂದ್ಸಲಾನೂ ದನಿ ಏರಿಸ್ಲಿಲ್ಲ, ಎದ್ದು ಹೋಗ್ಲಿಲ್ಲ, ಅಳ್ಲಿಲ್ಲ. ಸ್ವಲ್ಪ ಹೊತ್ತು ನೋಡಿದ ಅತ್ತೆ, "ಆ ಮಗು ಎಷ್ಟ್ ತಾಳ್ಮೆಯಾಗಿ ಕೂತೈತೆ, ಅವ್ನ್ಯಾಕೆ ಹಂಗೆ ವಿಚಾರಣೆ ಮಾಡಿದಂಗ್ ಮಾಡ್ತಾವ್ನೆ, ಏನ್ ಸಾಲ ಗೀಲ ಇಸ್ಕೊಂಡವ್ಳಾ?" ಅಂತ ಕೇಳಿದ್ರು.

ಆ ಮಾತು ಎಷ್ಟು ಕರೆಕ್ಟಾಗಿತ್ತು ಅಂದ್ರೆ ಇವತ್ತಿಗೂ ನಂಗೆ ಅದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ. ಭಾಷೆ ಗೊತ್ತಿಲ್ಲದ ಒಬ್ಬ ಹೆಂಗಸಿಗೆ ಅಲ್ಲಿ ಕಂಡಿದ್ದು ಸಾಲ ವಸೂಲಿ. ನಾವು ಆಕೆ ಹತ್ರ ಏನೋ ಬಾಕಿ ಇದೆ ಅನ್ನೋ ಥರ ಕೇಳ್ತಾನೇ ಇರ್ತೀವಿ, ಕ್ಷಮೆ ಕೇಳು, ಕಣ್ಣೀರು ಹಾಕು, ಬಡತನ ಇತ್ತು ಅದಕ್ಕೆ ಹಂಗಾಯ್ತು ಅಂತ ಒಂದು ಕಥೆ ಹೇಳು, ಆಮೇಲೆ ಒಳಗೆ ಬಿಟ್ಕೋತೀವಿ. ಆಕೆ ಆ ಕಥೆ ಹೇಳ್ಲೇ ಇಲ್ಲ. ಯಾರೂ ಬಲವಂತ ಮಾಡ್ಲಿಲ್ಲ, ನಾನೇ ತೀರ್ಮಾನ ಮಾಡಿದ್ದು, ಅದ್ರ ಪರಿಣಾಮಾನೂ ನಂದೇ ಅನ್ನೋ ಧಾಟೀಲೇ ಇಷ್ಟು ವರ್ಷ ಮಾತಾಡ್ಕೊಂಡು ಬಂದಿದಾರೆ. ನಮ್ಮ ಜನಕ್ಕೆ ತಡ್ಕೊಳ್ಳೋಕೆ ಆಗದೇ ಇರೋದು ಅದೇ ಅಂತ ನನ್ನ ಅನಿಸಿಕೆ. ಮೋಸ ಹೋದ ಹೆಣ್ಣಿಗೆ ಅಯ್ಯೋ ಪಾಪ ಅನ್ನೋಕೆ ನಮಗೆ ಬರುತ್ತೆ. ತಾನೇ ಯೋಚ್ನೆ ಮಾಡಿ ಸೈನ್ ಹಾಕಿದ ಹೆಣ್ಣಿನ ಹತ್ರ ಹೆಂಗೆ ಮಾತಾಡ್ಬೇಕು ಅಂತ ನಮಗೆ ಯಾರೂ ಹೇಳ್ಕೊಟ್ಟಿಲ್ಲ. (ಆ ಸಂದರ್ಶನ ಆದ್ಮೇಲೆ ಆಮಿರ್ ಖಾನ್ ಅವರೇ, ನಿಮ್ಮ ಜೊತೆ ಕೆಲಸ ಮಾಡೋಕೆ ನಂಗೆ ಖುಷಿ ಅನ್ನೋ ಅರ್ಥದಲ್ಲಿ ಟ್ವೀಟ್ ಮಾಡಿದ್ರು. ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟೀಲಿ ಆಕೆ ಹೆಸರು ಬಂತು.)

ನಮ್ಮ ರಾಜ್ಯದಲ್ಲಿ ಆ ಹೆಸರು

2017ರ ಡಿಸೆಂಬರ್ ನೆನಪಿದೆಯಲ್ವಾ. ಹೊಸ ವರ್ಷದ ರಾತ್ರಿ ಮಾನ್ಯತಾ ಟೆಕ್ ಪಾರ್ಕ್ ಕಡೆ ಸನ್ನಿ ನೈಟ್ ಅಂತ ಪ್ರೋಗ್ರಾಂ ಇಟ್ಟಿದ್ರು. ಕರ್ನಾಟಕ ರಕ್ಷಣಾ ವೇದಿಕೆ ಯುವಸೇನೆಯವರು ಫೋಟೋ ಸುಟ್ಟರು, ಕಾರ್ಯಕ್ರಮ ನಡೆದ್ರೆ ಸಾಮೂಹಿಕ ಆತ್ಮಹತ್ಯೆ ಮಾಡ್ಕೋತೀವಿ ಅಂತ ಕೂಡ ಹೇಳಿದ್ರು, ಸರ್ಕಾರ ಪರ್ಮಿಷನ್ ಇಲ್ಲ ಅಂತು, ಕೊನೆಗೆ ಆಕೆಯೇ ಬರಲ್ಲ ಅಂದ್ರು. ಕಾರಣ ಹೇಳಿದ್ದು ಸಂಸ್ಕೃತಿ. ಅದಕ್ಕೆ ಎರಡು ವರ್ಷ ಮುಂಚೆಯೇ 'ಡಿಕೆ', 'ಲವ್ ಯೂ ಆಲಿಯಾ' ಎರಡು ಕನ್ನಡ ಸಿನಿಮಾದಲ್ಲಿ ಆಕೆ ಕುಣಿದಾಗಿತ್ತು, ಥಿಯೇಟರಲ್ಲಿ ಟಿಕೆಟ್ ಹರಿದು ಜನ ನೋಡಿಯಾಗಿತ್ತು. 2018ರ ನವೆಂಬರ್‌ನಲ್ಲಿ ಅದೇ ಬೆಂಗಳೂರಿಗೆ ಬಂದು ಪ್ರೋಗ್ರಾಂ ಕೊಟ್ಟು ಹೋದ್ರು, ಆಗ್ಲೂ ಪ್ರತಿಭಟನೆ ಆಯ್ತು, ಬಂದೋಬಸ್ತ್ ಇತ್ತು, ಕನ್ನಡಕ್ಕೆ ಏನೂ ಆಗ್ಲಿಲ್ಲ. ಪಕ್ಕದ ಕೇರಳದಲ್ಲಿ 2017ರ ಆಗಸ್ಟಲ್ಲಿ ಕೊಚ್ಚಿಗೆ ಒಂದು ಮೊಬೈಲ್ ಅಂಗಡಿ ಉದ್ಘಾಟನೆಗೆ ಆಕೆ ಬಂದಾಗ ರಸ್ತೆ ಪೂರ್ತಿ ತಲೆಗಳೇ, ಕಾರು ಆ ಜನದ ಮಧ್ಯೆ ಇಷ್ಟಿಷ್ಟೇ ಜರುಗ್ತಿದ್ದಿದ್ದು, ಆ ಫೋಟೋ ನೀವು ನೋಡಿರ್ತೀರ.

ನಮ್ಮ ಮಂಡ್ಯದ ಕೊಮ್ಮೇರಹಳ್ಳಿ ಹುಡುಗ್ರದ್ದು ಇನ್ನೊಂಥರ. 2022ರ ಮೇ ತಿಂಗಳಲ್ಲಿ ಆಕೆ ಹುಟ್ಟುಹಬ್ಬಕ್ಕೆ ಊರಲ್ಲಿ ಕಟೌಟ್ ನಿಲ್ಲಿಸಿ ರಕ್ತದಾನ ಶಿಬಿರ ಮಾಡಿದ್ರು, ಆಕೆ ಅದನ್ನ ನೋಡಿ, ನಿಮ್ಮ ಹೆಸರಲ್ಲಿ ನಾನೂ ರಕ್ತ ಕೊಡ್ತೀನಿ ಅನ್ನೋ ಥರ ಬರೆದಿದ್ರು. ಮಂಡ್ಯದ ಒಂದು ಚಿಕನ್ ಅಂಗಡಿಯವರು ಸನ್ನಿ ಅಭಿಮಾನಿಗಳಿಗೆ 10 ಪರ್ಸೆಂಟ್ ಡಿಸ್ಕೌಂಟ್ ಅಂತ ಬೋರ್ಡ್ ಹಾಕಿದ್ದೂ ಸುದ್ದಿ ಆಗಿತ್ತು. ಎಷ್ಟೋ ಜನ ಇದನ್ನ ನೋಡಿ ನಕ್ಕರು. ನಂಗೆ ನಗು ಬರ್ಲಿಲ್ಲ. ಕಟೌಟ್ ಹಾಕೋದು ನಮ್ಮಲ್ಲಿ ಮರ್ಯಾದೆ ಕೊಡೋ ರೀತಿ, ಅಣ್ಣಾವ್ರಿಗೆ ಹಾಕಿದೀವಿ, ಅಂಬರೀಶಣ್ಣಂಗೆ ಹಾಕಿದೀವಿ. ಆ ಹುಡುಗ್ರು ಆಕೆ ಹೆಸರನ್ನ ಮುಚ್ಚದೇ, ಊರ ಮಧ್ಯೆ, ಬಿಸಿಲಲ್ಲಿ ನಿಲ್ಲಿಸಿದ್ರಲ್ಲ, ಅದು ಸಣ್ಣ ವಿಷ್ಯ ಅಲ್ಲ.

ಅದೇ 2022ರ ನವೆಂಬರ್‌ನಲ್ಲಿ ಇದ್ರ ಇನ್ನೊಂದು ಮುಖ ಕಾಣಿಸ್ತು. ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯೋಕೆ ಶಿವಮೊಗ್ಗದಲ್ಲಿ ಬಂದ ಒಬ್ಬ ಅಭ್ಯರ್ಥಿಯ ಹಾಲ್ ಟಿಕೆಟ್ ಮೇಲೆ ಆಕೆ ಫೋಟೋ ಬದಲು ಸನ್ನಿ ಲಿಯೋನ್ ಫೋಟೋ ಇತ್ತು. ಅರ್ಜಿ ತುಂಬಿದ್ದು ತಾನಲ್ಲ, ಬೇರೆಯವರ ಕೈಲಿ ತುಂಬಿಸಿದ್ದು ಅಂತ ಆ ಹೆಣ್ಣುಮಗಳು ಹೇಳಿದ್ರು. ರಾಜ್ಯ ಪೂರ್ತಿ ಅದು ಜೋಕ್ ಆಗಿ ಓಡಾಡ್ತು. ಟೀಚರ್ ಆಗ್ಬೇಕು ಅಂತ ವರ್ಷಗಟ್ಲೆ ಓದಿ, ಪರೀಕ್ಷೆ ಹಾಲ್ ಬಾಗಿಲಲ್ಲಿ ಆ ಕಾಗದ ಹಿಡ್ಕೊಂಡು ನಿಲ್ಲೋದು ಹೆಂಗಿದ್ದಿರಬಹುದು ಅಂತ ಯಾರೂ ಕೇಳ್ಲಿಲ್ಲ. ಒಬ್ಬ ಹೆಣ್ಣಿನ ಮುಖಾನ ಇನ್ನೊಬ್ಬ ಹೆಣ್ಣಿಗೆ ಹೊಡೆಯೋ ಕೋಲು ಮಾಡ್ಕೊಂಡಿದೀವಿ. ಕಾಲೇಜು ಹುಡುಗಿ ಸ್ವಲ್ಪ ಮೇಕಪ್ ಮಾಡ್ಕೊಂಡ್ರೆ, ಆಫೀಸಲ್ಲಿ ಒಬ್ಳು ನಕ್ಕು ಮಾತಾಡಿದ್ರೆ, ಹಿಂದಿನಿಂದ ಈ ಹೆಸರು ಕೇಳುತ್ತೆ. ನಾನೇ ಬಸ್ಸಲ್ಲಿ ಕೇಳಿದೀನಿ, ಪಿಯುಸಿ ಓದೋ ಹುಡುಗ್ರ ಬಾಯಲ್ಲಿ.

ಲೇಬಲ್ ಮೇಲೆ ಹೆಸರು

ಮತ್ತೆ ವ್ಯಾಪಾರಕ್ಕೆ ಬರ್ತೀನಿ, ಯಾಕಂದ್ರೆ ಈ ಭಾಗ ಯಾರೂ ಸರಿಯಾಗಿ ಬರೆಯಲ್ಲ. ಸಿನಿಮಾದವರು ಜಾಹೀರಾತಿಗೆ ಮುಖ ಕೊಡೋದು ಬೇರೆ, ಸ್ವಂತ ಬ್ರ್ಯಾಂಡ್ ಮಾಡೋದು ಬೇರೆ. ಜಾಹೀರಾತಲ್ಲಿ ಒಂದು ಮೊತ್ತ ಕೊಡ್ತಾರೆ, ಅಗ್ರಿಮೆಂಟ್ ಮುಗಿದ ದಿನ ಸಂಬಂಧ ಮುಗೀತು, ಹಳೇ ಇಂಡಸ್ಟ್ರಿಯ ಒಂದೇ ಸಲದ ಸಂಬಳ ಇದ್ದಂಗೇ ಅದು. ಆಕೆ ಆ ಥರದ ಜಾಹೀರಾತೂ ಮಾಡಿದ್ರು, ಒಂದು ಕಾಂಡೋಮ್ ಜಾಹೀರಾತಿಗೆ 2015ರಲ್ಲಿ ಒಬ್ಬ ಕಮ್ಯುನಿಸ್ಟ್ ನಾಯಕರು, ಇದ್ರಿಂದ ಅತ್ಯಾಚಾರ ಜಾಸ್ತಿ ಆಗುತ್ತೆ ಅಂತ ಭಾಷಣ ಬಿಗಿದು ಆಮೇಲೆ ವಿಷಾದ ವ್ಯಕ್ತಪಡಿಸಬೇಕಾಯ್ತು. 2018ರಲ್ಲಿ ಗಂಡ ಹೆಂಡತಿ ಸೇರಿ ಸ್ಟಾರ್‌ಸ್ಟ್ರಕ್ ಅನ್ನೋ ಕಾಸ್ಮೆಟಿಕ್ಸ್ ಬ್ರ್ಯಾಂಡ್ ಶುರು ಮಾಡಿದಾಗ ಲೆಕ್ಕ ಬದಲಾಯ್ತು. ಇಲ್ಲಿ ಸ್ಟಾಕ್ ಉಳಿದ್ರೆ ನಷ್ಟ ಅವರದ್ದು, ಓಡಿದ್ರೆ ಲಾಭಾನೂ ಅವರದ್ದು, ನಟಿಯ ವಯಸ್ಸು ದಾಟಿದ್ಮೇಲೂ ಅದು ನಡೀಬಹುದು.

ನನ್ನಂಥವಳಿಗೆ ಕಾಣೋ ಒಂದು ಸಣ್ಣ ವಿವರ: 2017ರ ಜುಲೈಲಿ ಜಿಎಸ್‌ಟಿ ಬಂದಾಗ ಮೇಕಪ್ ಸಾಮಾನಿಗೆ 28 ಪರ್ಸೆಂಟ್ ಇತ್ತು, ನಮ್ಮ ಪಾರ್ಲರ್ ಗಿರಾಕಿಗಳೆಲ್ಲ ತಲೆ ಮೇಲೆ ಕೈ ಹೊತ್ಕೊಂಡಿದ್ರು. ಅದೇ ನವೆಂಬರಲ್ಲಿ 18ಕ್ಕೆ ಇಳಿಸಿದ್ರು. ಅದಾದ ಮಾರನೇ ವರ್ಷಾನೇ ಈ ಬ್ರ್ಯಾಂಡ್ ಬಂದಿದ್ದು. ಅದನ್ನ ನೋಡ್ಕೊಂಡೇ ಬಂದ್ರು ಅಂತ ನಾನು ಹೇಳ್ತಿಲ್ಲ, ಹೊಸ ಲಿಪ್‌ಸ್ಟಿಕ್ ಕಂಪನಿಗೆ ಆ 10 ಪರ್ಸೆಂಟ್ ಅಂದ್ರೆ ಉಸಿರಾಡೋಕೆ ಜಾಗ ಸಿಕ್ಕಂಗೆ ಅನ್ನೋದು ಮಾತ್ರ ನಂಗೆ ಗೊತ್ತು. ಕಾಸ್ಮೆಟಿಕ್ಸಲ್ಲಿ ಬಣ್ಣ ಅರೆದು ತುಂಬೋದು ಭಾಳ ಸಲ ಬೇರೆ ಫ್ಯಾಕ್ಟರಿಯವರು, ಅವ್ರ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಎಕ್ಸ್‌ಪೈರಿ ಲೇಬಲ್ ಮೇಲೆ ಇರಲೇಬೇಕು. ಬ್ರ್ಯಾಂಡಿನವರ ದುಡ್ಡು ಹೆಚ್ಚಾಗಿ ಖರ್ಚಾಗೋದು ಜನಕ್ಕೆ ಹೆಸರು ಗೊತ್ತು ಮಾಡೋಕೆ. ಸನ್ನಿಗೆ ಆ ಖರ್ಚು ಇರ್ಲಿಲ್ಲ, ಇಂಡಿಯಾದಲ್ಲಿ ಗೂಗಲಲ್ಲಿ ಅತಿ ಹೆಚ್ಚು ಹುಡುಕಿದ ಹೆಸರುಗಳಲ್ಲಿ ಆಕೇದು ವರ್ಷ ವರ್ಷ ಮೇಲೇ ಇರ್ತಿತ್ತು. ಕಷ್ಟ ಇದ್ದಿದ್ದು, ಗಂಡಸರು ಕದ್ದು ಹುಡುಕೋ ಹೆಸರನ್ನ ಹೆಂಗಸರು ಅಂಗಡೀಲಿ ಕೇಳಿ ತಗೊಳ್ಳೋ ಹಂಗೆ ಮಾಡೋದು. ಅದಕ್ಕೆ ಯಾವ ಜಾಹೀರಾತೂ ಸಾಲಲ್ಲ, ಸಾಮಾನು ಚೆನ್ನಾಗಿರ್ಬೇಕು ಅಷ್ಟೆ. ಮಂಡ್ಯದ ಆ ಹುಡುಗಿ ಸ್ವಂತ ದುಡ್ಡಲ್ಲಿ ಅದನ್ನ ತರಿಸಿ, ಇನ್ನೊಬ್ಬರ ಮದ್ವೆಗೆ ಧೈರ್ಯವಾಗಿ ಬಳಸ್ತಾಳೆ ಅಂದ್ರೆ ಸಾಮಾನಿನ ಮೇಲೆ ನಂಬಿಕೆ ಬಂದಿದೆ ಅಂತಾಯ್ತು. ಆಮೇಲೆ ನೋಯ್ಡಾದಲ್ಲಿ 2024ರ ಶುರುವಲ್ಲಿ ರೆಸ್ಟೋರೆಂಟ್ ತೆರೆದ್ರು, ಸೆಂಟು, ಬಟ್ಟೆ ಅಂತ ಇನ್ನೂ ಏನೇನೋ ಇದೆ. 2023ರಲ್ಲಿ ಅನುರಾಗ್ ಕಶ್ಯಪ್ ಸಿನಿಮಾ ಜೊತೆ ಕಾನ್ ಚಿತ್ರೋತ್ಸವಕ್ಕೂ ಹೋಗಿ ಬಂದ್ರು. ಲಾತೂರಿನಿಂದ ದತ್ತು ತಗೊಂಡ ಮಗಳು, ಅವಳಿ ಗಂಡುಮಕ್ಕಳು, ಮನೆ ತುಂಬಿದೆ.

ಇದನ್ನೆಲ್ಲ ಓದಿ, ಹಂಗಾದ್ರೆ ಆ ಇಂಡಸ್ಟ್ರಿ ಒಳ್ಳೇದು ಅಂತೀಯಾ ಅಂತ ಯಾರಾದ್ರೂ ಕೇಳ್ಬಹುದು. ಇಲ್ಲ. ಸನ್ನಿಗೆ ಕೆನಡಾದ ಹುಟ್ಟು, ಇಂಗ್ಲಿಷು, ಓದೋಕೆ ಸಿಗೋ ಕಾಂಟ್ರ್ಯಾಕ್ಟು, ಜೊತೆಗೆ ನಿಂತ ಗಂಡ, ಸರಿಯಾದ ಹೊತ್ತಿಗೆ ಬಂದ ಬಿಗ್ ಬಾಸ್, ಇಷ್ಟೂ ಇತ್ತು. ಇದ್ಯಾವುದೂ ಇಲ್ಲದೆ ಒಂದು ಚೆಕ್ ತಗೊಂಡು ಹೊರಬಿದ್ದು, ಆಮೇಲೆ ಬ್ಯಾಂಕಲ್ಲಿ ಅಕೌಂಟೂ ಸಿಗದೆ, ಬೇರೆ ಕೆಲಸಾನೂ ಸಿಗದೆ ಒದ್ದಾಡೋ ಹೆಂಗಸರು ಆ ಇಂಡಸ್ಟ್ರೀಲಿ ತುಂಬ ಜನ ಇದಾರೆ. ಅವ್ರ ವಿಡಿಯೋ ಇವತ್ತಿಗೂ ಯಾರದೋ ಸರ್ವರಲ್ಲಿ ದುಡ್ಡು ದುಡೀತಿದೆ. ನಾನು ಕೇಳ್ತಿರೋದು ಅದನ್ನೇ, ಅವ್ರ ಮುಖದ ದುಡ್ಡು ಅವ್ರಿಗೆ ಯಾಕೆ ಸೇರಲ್ಲ ಅಂತ.

ಇನ್ನೊಂದು ವಿಷ್ಯ ಹೇಳದೆ ಇದನ್ನ ಮುಗಿಸೋಕೆ ಮನಸ್ಸು ಬರ್ತಿಲ್ಲ. 2024ರ ಏಪ್ರಿಲಲ್ಲಿ, ಚುನಾವಣೆ ಹೊತ್ತಲ್ಲಿ, ಹಾಸನದಲ್ಲಿ ಹೆಂಗಸರ ಖಾಸಗಿ ವಿಡಿಯೋ ಇದ್ದ ಪೆನ್‌ಡ್ರೈವ್‌ಗಳು ಹಂಚಿಕೆಯಾದ್ವು. ಅದ್ರಲ್ಲಿದ್ದ ಹೆಂಗಸರು ಯಾವ ಕಾಗದಕ್ಕೂ ಸೈನ್ ಹಾಕಿರ್ಲಿಲ್ಲ, ಯಾವ ಷರತ್ತೂ ಬರೆಸಿರ್ಲಿಲ್ಲ, ಅದು ಹೊರಗೆ ಬರುತ್ತೆ ಅಂತ ಅವ್ರ ಕನಸಲ್ಲೂ ಇರ್ಲಿಲ್ಲ. ಮುಖಾನೂ ಮಸುಕು ಮಾಡದೆ ಜನ ಅದನ್ನ ಒಬ್ರಿಂದ ಒಬ್ರಿಗೆ ಕಳಿಸಿದ್ರು, ಫ್ಯಾಮಿಲಿ ಗ್ರೂಪಲ್ಲಿ ಸುಪ್ರಭಾತ ಹಾಕೋರ ಫೋನಲ್ಲೂ ಅದು ಇತ್ತು. ಮನೆ ಬಿಟ್ಟು ಹೋದೋರು ಆ ಹೆಂಗಸರು. ಸಂಸ್ಕೃತಿ ಹಾಳಾಗುತ್ತೆ ಅಂತ ಒಪ್ಪಿಗೆ ಕೊಟ್ಟ ಹೆಂಗಸಿನ ಫೋಟೋ ಸುಟ್ಟ ರಾಜ್ಯದಲ್ಲಿ, ಒಪ್ಪಿಗೆ ಇಲ್ಲದ ವಿಡಿಯೋ ಫಾರ್ವರ್ಡ್ ಮಾಡಿದ ಫೋನುಗಳನ್ನ ಯಾರೂ ಸುಡ್ಲಿಲ್ಲ. ಅವತ್ತು ನನ್ನ ಗಿರಾಕಿಯೊಬ್ರ ಅಂಗಡೀಲಿ ಕೂತಿದ್ದಾಗ, ಕೌಂಟರ್ ಹಿಂದೆ ಇಬ್ರು ಹುಡುಗ್ರು ಫೋನ್ ಬಗ್ಗಿಸ್ಕೊಂಡು ನೋಡ್ತಿದ್ರು. ಏನ್ ನೋಡ್ತಿದೀರಪ್ಪ ಅಂತ ಕೇಳ್ದೆ, ಏನಿಲ್ಲ ಮೇಡಂ ಅಂತ ಜೇಬಿಗೆ ಹಾಕ್ಕೊಂಡ್ರು. ಡಿಲೀಟ್ ಮಾಡಿ, ನಾನು ನೋಡ್ತೀನಿ, ಇಲ್ಲೇ ನಿಂತಿರ್ತೀನಿ ಅಂದೆ. ಒಬ್ಬ ಮಾಡ್ದ. ಇನ್ನೊಬ್ಬ ಎದ್ದು ಹೊರಗೆ ಹೋದ.